ದೋಣಿ ಉಂಟು, ದಡ ಯಾರದು?

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಜಧಾನಿ ಅನಾಪೊಲಿಸ್. ಜನಸಂಖ್ಯೆ ನಲವತ್ತು ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ. ದಿಬ್ಬದ ಮೇಲಿರುವ ಶಾಸನಸಭಾ ಭವನದ ಆಸುಪಾಸಿನಿಂದ ಇಳಿಯುವ ಇಟ್ಟಿಗೆ ಹಾಸಿನ ಬೀದಿಗಳು ನೀರಿನ ಅಂಚಿಗೆ ಬಂದು ನಿಲ್ಲುತ್ತವೆ. 1783ರ ಡಿಸೆಂಬರ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ತನ್ನ ಸೇನಾಧಿಪತ್ಯಕ್ಕೆ ರಾಜೀನಾಮೆ ಸಲ್ಲಿಸಿದ್ದು ಈ ಭವನದಲ್ಲಿಯೇ. ಊರಿನ ಮಗ್ಗುಲಲ್ಲಿ 1845ರಿಂದ ಅಮೆರಿಕದ ನೌಕಾ ಅಕಾಡೆಮಿ ಇದೆ. ಇಷ್ಟು ಇತಿಹಾಸವುಳ್ಳ ಊರು ಪ್ರತಿವರ್ಷ ಅಕ್ಟೋಬರ್‌ನಲ್ಲಿ ಎರಡು ವಾರ ತನ್ನ ಇತಿಹಾಸವನ್ನು ಬದಿಗಿಟ್ಟು ದೋಣಿಗಳ ಸಂತೆಯಾಗುತ್ತದೆ. ಒಂದು ವಾರ ಎಂಜಿನ್ ದೋಣಿಗಳ ಪ್ರದರ್ಶನ, ಇನ್ನೊಂದು ವಾರ ಹಾಯಿದೋಣಿಗಳದು.

ಕೆಲವು ವರ್ಷಗಳ ಹಿಂದೆ ಹಾಯಿದೋಣಿಗಳ ಈ ಜಾತ್ರೆಯಲ್ಲಿ ಎರಡು ದಿನ ಸುತ್ತಾಡುವ ಅವಕಾಶ ನನಗೆ ಒದಗಿತ್ತು. ದೋಣಿ ಪ್ರದರ್ಶನವೆಂದರೆ ದೊಡ್ಡ ಸಭಾಂಗಣದಲ್ಲಿ, ನೆಲದ ಮೇಲೆ ಆನಿಕೆ ಕೊಟ್ಟು ನಿಲ್ಲಿಸಿದ ದೋಣಿಗಳನ್ನು ನೋಡುವುದು ಎಂದೇ ಬಹುಕಾಲದ ರೂಢಿ. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ, ಕಡಲಿನಿಂದ ದೂರದಲ್ಲಿ, ಪ್ರತಿ ಜನವರಿಯಲ್ಲಿ ನಡೆಯುವ ಬೃಹತ್ ಮೇಳ ಈಗಲೂ ಹಾಗೆಯೇ ಇದೆ. ಅನಾಪೊಲಿಸ್‌ನಲ್ಲಿ ಮಾತ್ರ ದೋಣಿಗಳು ನೀರಿನಲ್ಲೇ ನಿಂತಿರುತ್ತವೆ. ಕಿರಿದಾದ ಬಂದರಿನ ಉದ್ದಗಲಕ್ಕೂ ತೇಲುವ ಕಾಲುಹಾದಿಗಳನ್ನು ಜೋಡಿಸಿ, ಅವುಗಳ ಎರಡೂ ಬದಿಗೆ ದೋಣಿಗಳನ್ನು ಕಟ್ಟುತ್ತಾರೆ. ನಾಲ್ಕಾರು ದಿನಗಳ ಮಟ್ಟಿಗೆ ನೀರೇ ಕಾಣುವುದಿಲ್ಲ. ಕಾಣುವುದು ಹಾಯಿಕಂಬಗಳ ಅಡಿಕೆತೋಟ. ಗಾಳಿ ಬೀಸಿದಾಗ ನೂರಾರು ಹಗ್ಗಗಳು ಲೋಹದ ಕಂಬಗಳಿಗೆ ಬಡಿದು ಟಿಣಿಟಿಣಿ ಸದ್ದು ಹೊರಡುತ್ತದೆ. ಕಾಲಡಿಯ ಹಾದಿ ಸಣ್ಣಗೆ ತೂಗುತ್ತಿರುತ್ತದೆ. ಅಭ್ಯಾಸವಿಲ್ಲದವರಿಗೆ ಮೊದಲ ಅರ್ಧ ಗಂಟೆ ತಲೆ ಹಗುರಾದಂತೆ ಅನಿಸುವುದುಂಟು.

ಯಾವ ದೋಣಿಯನ್ನು ಹತ್ತಬೇಕಾದರೂ ಪಾದರಕ್ಷೆ ಬಿಡಬೇಕು. ಪ್ರತಿ ದೋಣಿಯ ಮುಂದೆಯೂ ಒಂದು ಬುಟ್ಟಿ ಇರುತ್ತದೆ, ಬುಟ್ಟಿಯ ಮುಂದೆ ಒಂದು ಸಾಲು. ನುಣುಪಾದ ಹಾಸಿಗೆ ಗೀರು ಬೀಳಬಾರದೆಂಬುದು ಕಾರಣ. ಆದರೆ ಬರಿಗಾಲಿನಲ್ಲಿ, ಕೈಯಲ್ಲಿ ಮಾಹಿತಿಪತ್ರ ಹಿಡಿದು, ತಲೆ ತಗ್ಗಿಸಿ ಒಳಗಿಳಿಯುವ ಆ ಜನರನ್ನು ಕಂಡಾಗ ನಮ್ಮ ಕಡೆಯವರಿಗೆ ದರ್ಶನದ ಸಾಲು ನೆನಪಾಗದೆ ಇರದು. ಒಳಗೆ ಗರ್ಭಗುಡಿಯಷ್ಟೇ ಜಾಗ. ಅದರಲ್ಲಿ ಅಡುಗೆಮನೆ, ಮಲಗುವ ಕೋಣೆ, ಶೌಚಾಲಯ, ನಕಾಶೆ ಹರಡುವ ಮೇಜು ಎಲ್ಲವೂ ಅಡಗಿವೆ. ಒಲೆ ಜೋಕಾಲಿಯಂತೆ ತೂಗಿಕೊಂಡಿದೆ. ದೋಣಿ ಎಷ್ಟೇ ಓಲಿದರೂ ಪಾತ್ರೆಯಲ್ಲಿನ ಸಾರು ಚೆಲ್ಲದಿರಲೆಂಬ ಏರ್ಪಾಡು. ಕಪಾಟಿನ ಬಾಗಿಲುಗಳಿಗೆ ಗುಂಡಿ ಒತ್ತಿದರಷ್ಟೇ ತೆರೆಯುವ ಚಿಲಕ. ಒಂದಂಗುಲವನ್ನೂ ವ್ಯರ್ಥ ಮಾಡದ ಈ ಜಾಣ್ಮೆಯನ್ನು ಮೆಚ್ಚದೆ ಹೊರಬರುವುದು ಕಷ್ಟ.

ಬಂದವರೆಲ್ಲ ಕೊಳ್ಳುವವರಲ್ಲ. ಮಾರುವವರಿಗೂ ಅದು ಗೊತ್ತು. ನಿವೃತ್ತಿಗೆ ಇನ್ನು ಎಷ್ಟು ವರ್ಷವೆಂದು ಲೆಕ್ಕ ಹಾಕುತ್ತಿರುವ ದಂಪತಿಗಳು, ಮನೆ ಮಾರಿ ದೋಣಿಯಲ್ಲೇ ಬಾಳುವ ಯೋಚನೆಯಲ್ಲಿರುವ ಯುವಕರು, ಇಪ್ಪತ್ತು ವರ್ಷಗಳಿಂದ ತಪ್ಪದೆ ಬಂದು ಪ್ರತಿ ಸಲವೂ ಒಂದು ಹಗ್ಗದ ಸುರುಳಿಯನ್ನಷ್ಟೇ ಕೊಂಡು ಮರಳುವವರು ಇಲ್ಲಿ ಸಿಗುತ್ತಾರೆ. ದೋಣಿಯ ಯಜಮಾನನಿಗೆ ಎರಡೇ ಸಂತೋಷದ ದಿನ, ಕೊಂಡ ದಿನ ಮತ್ತು ಮಾರಿದ ದಿನ ಎಂಬುದು ಈ ಬಳಗದ ಹಳೆಯ ನಗೆಮಾತು. ದೋಣಿ ಸಾಕುವುದು ಆನೆ ಸಾಕಿದಂತೆ ಎಂದು ನಾವು ಹೇಳಬಹುದು. ಆನೆಗಾದರೆ ಮಾವುತನೊಬ್ಬ ಸಾಕು. ಇಲ್ಲಿ ವಿಮೆ, ಬಣ್ಣ, ಬ್ಯಾಟರಿ, ಹಾಯಿಬಟ್ಟೆ, ಚಳಿಗಾಲಕ್ಕೆ ನೀರಿನಿಂದ ಎತ್ತಿಡುವ ಕ್ರೇನಿನ ಬಾಡಿಗೆ ಎಂದು ಪಟ್ಟಿ ಬೆಳೆಯುತ್ತದೆ. ದಡದ ಡೇರೆಗಳಲ್ಲಿ ಈ ಪಟ್ಟಿಯ ಸಮಸ್ತ ವಸ್ತುಗಳೂ ಮಾರಾಟಕ್ಕಿವೆ. ಉಪ್ಪುನೀರನ್ನು ಸಿಹಿನೀರಾಗಿಸುವ ಯಂತ್ರದ ಮುಂದೆ ಎಷ್ಟು ಜನವೋ, ಶೌಚಾಲಯದ ಪಂಪಿನ ಮುಂದೆಯೂ ಅಷ್ಟೇ ಜನ. ಕಡಲಯಾನದ ಕಾವ್ಯವೆಲ್ಲ ಕಡೆಗೆ ಬಂದು ನಿಲ್ಲುವುದು ಆ ಪಂಪಿನ ರಬ್ಬರ್ ತೊಗಲಿನ ಮೇಲೆ ಎಂಬುದನ್ನು ಅನುಭವಿಗಳು ಬಲ್ಲರು.

ಇತ್ತೀಚಿನ ವರ್ಷಗಳಲ್ಲಿ ಈ ಬಂದರನ್ನು ಆಕ್ರಮಿಸಿಕೊಂಡಿರುವುದು ಎರಡು ಒಡಲಿನ ಕ್ಯಾಟಮರಾನ್‌ಗಳು. ಹೆಚ್ಚಿನವು ಫ್ರಾನ್ಸಿನಲ್ಲಿ ತಯಾರಾದಂಥವು. ಲಗೂನ್, ಫೌಂಟೇನ್ ಪಾಜೋ ಎಂಬ ಹೆಸರುಗಳು ಎಲ್ಲೆಡೆ ಕಣ್ಣಿಗೆ ಬೀಳುತ್ತವೆ. ಈ ಪದವನ್ನು ಕೇಳಿದ ಕನ್ನಡಿಗನಿಗೆ ನಿಘಂಟು ಬೇಕಿಲ್ಲ: ಕಟ್ಟುಮರ. ಚೋಳಮಂಡಲದ ಕರಾವಳಿಯಲ್ಲಿ ಮೂರು ನಾಲ್ಕು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಅಲೆಗಳ ಮೇಲೆ ಹೊರಡುತ್ತಿದ್ದ ತಮಿಳು ಬೆಸ್ತರ ತೆಪ್ಪದ ಹೆಸರು 17ನೇ ಶತಮಾನದಲ್ಲಿ ಇಂಗ್ಲಿಷರ ನಾಲಿಗೆಗೆ ಹತ್ತಿತು. ಎರಡು ಒಡಲಿನ ವಿನ್ಯಾಸ ಪೆಸಿಫಿಕ್ ದ್ವೀಪವಾಸಿಗಳದು, ಹೆಸರು ಮಾತ್ರ ನಮ್ಮ ನೆರೆಯವರದು. ಕಟ್ಟಿದ ಮರವೂ ಇಲ್ಲ, ಕಟ್ಟಿದ ಹಗ್ಗವೂ ಇಲ್ಲ. ಹವಾನಿಯಂತ್ರಣವಿದೆ, ಬಟ್ಟೆ ಒಗೆಯುವ ಯಂತ್ರವಿದೆ. ನಲವತ್ತು ಅಡಿ ಉದ್ದದ ಕ್ಯಾಟಮರಾನ್ ಅಗಲದಲ್ಲಿ ಇಪ್ಪತ್ತು ಅಡಿಯನ್ನೂ ಮೀರುತ್ತದೆ.

ಇಂಥದೊಂದು ದೋಣಿಯ ಮೇಲೆಯೇ ಕನ್ನಡ ಕಿವಿಗೆ ಬಿತ್ತು. ಬೆಂಗಳೂರಿನಿಂದ ಮಗಳ ಮನೆಗೆ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಹಾಸಿನ ಮೇಲೆ ನಿಂತು ಅತ್ತಿತ್ತ ಅಳತೆ ಹಾಕಿ ಕೇಳಿದರು: ‘ಅಲ್ಲ ಕಣೇ, ಇಷ್ಟು ದೊಡ್ಡದನ್ನು ತಗೊಂಡು ಹೋಗಿ ನಿಲ್ಲಿಸೋದೆಲ್ಲಿ?’ ಮಗಳು ನಕ್ಕಳು: ‘ಅಮ್ಮಾ, ನಾವೇನು ಕೊಳ್ಳೋಕೆ ಬಂದಿದೀವಾ?’ ಬೆಂಗಳೂರಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಿದವರಿಗೆ ಸಹಜವಾಗಿಯೇ ಹೊಳೆಯುವ ಪ್ರಶ್ನೆ. ಎರಡು ದಿನ ನಾನು ಕೇಳಿದ ಪ್ರಶ್ನೆಗಳಲ್ಲೆಲ್ಲ ಇದಕ್ಕಿಂತ ಮುಖ್ಯವಾದದ್ದು ಬೇರೆ ಇರಲಿಲ್ಲ. ದೋಣಿಯ ಬೆಲೆ ಫಲಕದ ಮೇಲೆ ಬರೆದಿರುತ್ತದೆ. ಅದನ್ನು ಕಟ್ಟಿಹಾಕುವ ದಡದ ಬೆಲೆಯನ್ನು ಯಾವ ಫಲಕವೂ ಹೇಳುವುದಿಲ್ಲ.

ದೋಣಿ ಹೀಗೆ ಮಧ್ಯಮವರ್ಗದ ಕೈಗೆ ಎಟುಕಿದ್ದು ಬಹಳ ಹಿಂದಿನ ಸಂಗತಿಯೇನಲ್ಲ. ಮರದ ದೋಣಿಯ ಕಾಲದಲ್ಲಿ ಒಂದೊಂದನ್ನೂ ಬಡಗಿಗಳು ತಿಂಗಳುಗಟ್ಟಲೆ ಕೂತು ಕಟ್ಟಬೇಕಿತ್ತು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಗಾಜಿನ ನಾರು ಮತ್ತು ರೆಸಿನ್ ಸೇರಿದ ಫೈಬರ್‌ಗ್ಲಾಸ್ ಬಳಕೆಗೆ ಬಂತು. ಒಂದು ಅಚ್ಚು ತಯಾರಿಸಿಕೊಂಡರಾಯಿತು. ಅದರ ಒಳಮೈಗೆ ಮೆರುಗಿನ ಲೇಪ ಬಳಿದು, ನಾರಿನ ಹಾಳೆಗಳನ್ನು ಹಾಸಿ, ರೆಸಿನ್‌ನಲ್ಲಿ ನೆನೆಸಿ, ಗಟ್ಟಿಯಾದ ಮೇಲೆ ಎತ್ತಿದರೆ ಒಡಲು ಸಿದ್ಧ. ಅದೇ ಅಚ್ಚಿನಲ್ಲಿ ಮತ್ತೊಂದು, ಮಗದೊಂದು. 1959ರ ಜನವರಿಯಲ್ಲಿ ನ್ಯೂಯಾರ್ಕ್ ದೋಣಿ ಪ್ರದರ್ಶನಕ್ಕೆ ರೋಡ್ ಐಲೆಂಡ್‌ನ ಬ್ರಿಸ್ಟಲ್ ಎಂಬ ಊರಿನಿಂದ ಕ್ಲಿಂಟನ್ ಪಿಯರ್‌ಸನ್ ಮತ್ತು ಎವರೆಟ್ ಪಿಯರ್‌ಸನ್ ಎಂಬ ದಾಯಾದಿ ಸೋದರರು 28 ಅಡಿಯ ‘ಟ್ರೈಟನ್’ ಎಂಬ ಹಾಯಿದೋಣಿಯನ್ನು ತಂದರು. ವಿನ್ಯಾಸ ಸ್ವೀಡನ್ ಮೂಲದ ಕಾರ್ಲ್ ಆಲ್ಬರ್ಗ್ ಅವರದು. ಬೆಲೆ ಹತ್ತು ಸಾವಿರ ಡಾಲರಿಗಿಂತ ಕಡಿಮೆ. ನಾಲ್ಕು ಜನ ಮಲಗಬಹುದಾದ, ಕಡಲಿಗಿಳಿಯಬಹುದಾದ ದೋಣಿ ಆ ಬೆಲೆಗೆ ಸಿಗುತ್ತದೆಂದರೆ ಜನ ನಂಬದ ಕಾಲ. ಪ್ರದರ್ಶನದಲ್ಲಿಯೇ 17 ಮಂದಿ ಮುಂಗಡ ಕೊಟ್ಟರು. ಮುಂದಿನ ಏಳೆಂಟು ವರ್ಷಗಳಲ್ಲಿ ಏಳುನೂರಕ್ಕೂ ಹೆಚ್ಚು ಟ್ರೈಟನ್‌ಗಳು ಅಚ್ಚಿನಿಂದ ಹೊರಬಂದವು. ಶಾಲಾಶಿಕ್ಷಕ, ಸಣ್ಣ ವಕೀಲ, ಔಷಧಿ ಅಂಗಡಿಯವ ಹಾಯಿ ಬಿಚ್ಚಿದ್ದು ಇಲ್ಲಿಂದ ಮುಂದೆ.

ಅದೇ 1959ರಲ್ಲಿ ಜೆರ್ರಿ ವುಡ್ ಎಂಬಾತ ಅನಾಪೊಲಿಸ್‌ನಲ್ಲಿ ವಯಸ್ಕರಿಗೆ ಹಾಯಿವಿದ್ಯೆ ಕಲಿಸುವ ಶಾಲೆಯೊಂದನ್ನು ತೆರೆದ. ತಂದೆಯಿಂದ ಮಗನಿಗೆ, ಕ್ಲಬ್ಬಿನ ಸದಸ್ಯನಿಂದ ಸದಸ್ಯನಿಗೆ ದಾಟುತ್ತಿದ್ದ ವಿದ್ಯೆ ಶುಲ್ಕ ಕಟ್ಟಿದ ಯಾರಿಗಾದರೂ ಸಿಗುವಂತಾಯಿತು. ಕಲಿತವರಿಗೆ ದೋಣಿ ಬೇಕಲ್ಲವೇ? 1970ರಲ್ಲಿ ಇದೇ ವುಡ್ ಊರಿನ ಧಕ್ಕೆಯಲ್ಲಿ, ನೀರಿನ ಮೇಲೆಯೇ, ಹಾಯಿದೋಣಿಗಳ ಪ್ರದರ್ಶನ ಏರ್ಪಡಿಸಿದ. ಅಂದಿನಿಂದ ಕೋವಿಡ್‌ನ 2020ರ ವರ್ಷವನ್ನು ಬಿಟ್ಟರೆ ಅಕ್ಟೋಬರ್ ಜಾತ್ರೆ ನಿಂತಿಲ್ಲ. ಊರಿನ ಇನ್ನೊಂದು ಬದಿಯಲ್ಲಿ ಮರದ ವಿಹಾರನೌಕೆಗಳಿಗೆ ಹೆಸರಾದ ಟ್ರಂಪಿ ಮನೆತನದ ಕಾರ್ಯಾಗಾರವಿತ್ತು. ಅಧ್ಯಕ್ಷರ ವಿಹಾರನೌಕೆಯಾಗಿದ್ದ ‘ಸಿಕೋಯಾ’ವನ್ನು 1925ರಲ್ಲಿ ನ್ಯೂಜೆರ್ಸಿಯಲ್ಲಿ ಕಟ್ಟಿದ್ದ ಮನೆತನವೇ ಅದು; 1947ರಲ್ಲಿ ಅನಾಪೊಲಿಸ್‌ಗೆ ಬಂದಿತ್ತು. ಜಾತ್ರೆ ಆರಂಭವಾದ ಕೆಲವೇ ವರ್ಷಗಳಲ್ಲಿ, 1970ರ ದಶಕದ ಮೊದಲ ಭಾಗದಲ್ಲಿ, ಅದು ಬಾಗಿಲು ಹಾಕಿತು.

ಹಾಗೆಂದು ದೋಣಿಯ ಈ ಲೋಕವನ್ನು ಶ್ರೀಮಂತರ ಮೋಜು ಎಂದು ತಳ್ಳಿಹಾಕುವುದು ಸುಲಭದ ಮಾತು. ಅಮೆರಿಕದಲ್ಲಿ ನೋಂದಣಿಯಾದ ವಿಹಾರದೋಣಿಗಳ ಸಂಖ್ಯೆಯೇ ಒಂದು ಕೋಟಿಗೂ ಹೆಚ್ಚು. ಇವುಗಳಲ್ಲಿ ಬಹುಪಾಲು ಟ್ರೇಲರಿನ ಮೇಲೆ ಹೇರಿ ಒಯ್ಯುವ ಸಣ್ಣ ದೋಣಿಗಳು. ಶ್ರೀಮಂತರಿಗೆ ಬಿಸಿ ಮುಟ್ಟಿಸಲೆಂದು 1991ರಿಂದ ಅಲ್ಲಿನ ಸರ್ಕಾರ ಒಂದು ಲಕ್ಷ ಡಾಲರಿಗೆ ಮೇಲ್ಪಟ್ಟ ದೋಣಿಗಳ ಹೆಚ್ಚುವರಿ ಬೆಲೆಯ ಮೇಲೆ ಶೇ 10ರಷ್ಟು ವಿಲಾಸ ತೆರಿಗೆ ಹೇರಿತ್ತು. ಆಗಲೇ ಆರ್ಥಿಕ ಹಿಂಜರಿತವಿತ್ತು. ಶ್ರೀಮಂತರು ಕೊಳ್ಳುವುದನ್ನು ಮುಂದೂಡಿದರು. ಕೆಲಸ ಕಳೆದುಕೊಂಡವರು ಅಚ್ಚಿನ ಮನೆಯಲ್ಲಿ ರೆಸಿನ್ ಬಳಿಯುತ್ತಿದ್ದ ಕಾರ್ಮಿಕರು. 1993ರಲ್ಲಿ ತೆರಿಗೆ ರದ್ದಾಯಿತು. ಹೀಗಾಗಿ ದೋಣಿಯ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅಚ್ಚಿನಿಂದ ದೋಣಿ ಬೇಕಾದಷ್ಟು ಬಂದೀತು. ದಡಕ್ಕೆ ಅಂಥ ಅಚ್ಚಿಲ್ಲ. ನೋಡಬೇಕಾದ್ದು ಅತ್ತ.

ಅನಾಪೊಲಿಸ್ ಇರುವುದು ಚೆಸಪೀಕ್ ಕೊಲ್ಲಿಯ ದಂಡೆಯಲ್ಲಿ. ಕೊಲ್ಲಿಯ ಉದ್ದ ಸುಮಾರು 320 ಕಿಲೊಮೀಟರ್. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ನಮ್ಮ ಕರಾವಳಿಯ ಉದ್ದವೂ ಅಷ್ಟೇ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ನಮ್ಮದು ನೇರ ಮರಳದಂಡೆ, ನಡುನಡುವೆ ಅಳಿವೆಗಳು. ಚೆಸಪೀಕ್‌ನದು ಕೈಬೆರಳುಗಳಂತೆ ಒಳನಾಡಿಗೆ ಚಾಚಿದ ನೂರಾರು ಹೊಳೆಬಾಯಿಗಳು. ಅವನ್ನೆಲ್ಲ ಸೇರಿಸಿದರೆ ದಡದ ಉದ್ದ 18 ಸಾವಿರ ಕಿಲೊಮೀಟರಿಗೂ ಹೆಚ್ಚು. ಆಳ ಸರಾಸರಿ 21 ಅಡಿ ಮಾತ್ರ. ಹಾಯಿದೋಣಿಗೆ ಇದಕ್ಕಿಂತ ಒಳ್ಳೆಯ ನೀರು ಸಿಗದು. ಆ ದಡದಲ್ಲಿ ಬಹುಪಾಲು ಖಾಸಗಿ ಸೊತ್ತು.

ಪ್ರದರ್ಶನದ ಗದ್ದಲದ ಅಂಚಿನಲ್ಲೇ, ಬಂದರಿನ ತಲೆಯಲ್ಲಿ, ಒಂದು ಕಂಚಿನ ಶಿಲ್ಪವಿದೆ. ಲೇಖಕ ಅಲೆಕ್ಸ್ ಹೇಲಿ ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಕುಳಿತಿದ್ದಾರೆ. ಎದುರಿಗೆ ಮೂವರು ಮಕ್ಕಳು ಕಥೆ ಕೇಳುತ್ತಿದ್ದಾರೆ. 1767ರ ಸೆಪ್ಟೆಂಬರ್ 29ರಂದು ‘ಲಾರ್ಡ್ ಲಿಗೊನಿಯರ್’ ಎಂಬ ಹಡಗು ಗ್ಯಾಂಬಿಯಾದಿಂದ ಗುಲಾಮರನ್ನು ಹೊತ್ತು ಈ ಧಕ್ಕೆಗೆ ಬಂತು. ಹೇಲಿಯವರ ‘ರೂಟ್ಸ್’ ಕಾದಂಬರಿಯ ಕುಂಟಾ ಕಿಂಟೆ ಬಂದಿಳಿದದ್ದು ಇದೇ ಹಡಗಿನಿಂದ. ಕುಂಟಾ ಕಿಂಟೆಯ ಕುರಿತ ಹೇಲಿಯವರ ವಂಶಕಥನವನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಹಡಗು, ದಿನಾಂಕ, ಮಾರಾಟಕ್ಕಿದ್ದ ಮನುಷ್ಯರು ಪ್ರಶ್ನಾತೀತ. ಇಲ್ಲಿ ಸ್ಮಾರಕ ಫಲಕವನ್ನು ಮೊದಲು ಹಾಕಿದ್ದು 1981ರಲ್ಲಿ. ಎರಡು ದಿನಗಳಲ್ಲಿ ಅದು ಕಳವಾಯಿತು. ಮತ್ತೆ ಹಾಕಿದರು. 1999ರಲ್ಲಿ ಶಿಲ್ಪ ಬಂತು. ಅದನ್ನು ರೂಪಿಸಿದ ಎಡ್ ಡ್ವೈಟ್ 1960ರ ದಶಕದಲ್ಲಿ ಗಗನಯಾತ್ರಿಯ ತರಬೇತಿಗೆ ಆಯ್ಕೆಯಾಗಿದ್ದ ಮೊದಲ ಕಪ್ಪು ವರ್ಣೀಯ. ಆಗ ಅವರಿಗೆ ದೊರೆಯದ ಅಂತರಿಕ್ಷಯಾನ ದೊರೆತದ್ದು 2024ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ. ಪ್ರದರ್ಶನಕ್ಕೆ ಬಂದ ಮಕ್ಕಳು ಹೇಲಿಯ ಭುಜ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದರಲ್ಲಿ ಅಗೌರವವೇನೂ ಕಾಣಲಿಲ್ಲ. ಶಿಲ್ಪವಿರುವುದೇ ಮಕ್ಕಳಿಗೆ ಕಥೆ ಹೇಳಲು.

ಈ ಕೊಲ್ಲಿಯ ಹಾಯಿಗಳನ್ನು ಕುರಿತು ಯಾರಾದರೂ ಮರೆಯಲಾಗದಂತೆ ಬರೆದಿದ್ದರೆ ಆತ ದೋಣಿಯ ಒಡೆಯನಲ್ಲ, ಗುಲಾಮ. ಫ್ರೆಡರಿಕ್ ಡಗ್ಲಾಸ್ 1818ರ ಸುಮಾರಿಗೆ ಕೊಲ್ಲಿಯ ಪೂರ್ವದಂಡೆಯಲ್ಲಿ ಹುಟ್ಟಿದ. ಹದಿಹರೆಯದಲ್ಲಿ ಕ್ರೂರಿಯೊಬ್ಬನ ಹೊಲದಲ್ಲಿ ದುಡಿಯುತ್ತಿದ್ದಾಗ ದಡದಲ್ಲಿ ನಿಂತು ಬಿಳಿ ಹಾಯಿಗಳು ದೂರ ಸಾಗುವುದನ್ನು ನೋಡುತ್ತಿದ್ದುದನ್ನು 1845ರ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಬಾಲ್ಟಿಮೋರಿನ ಹಡಗುಕಟ್ಟೆಗಳಲ್ಲಿ ಹಲಗೆಯ ಸಂದಿಗೆ ನಾರು ತುರುಕಿ ನೀರು ಸೋರದಂತೆ ಮಾಡುವ ಕಸುಬು ಕಲಿತ. 1838ರಲ್ಲಿ ತಪ್ಪಿಸಿಕೊಂಡು ಹೋದದ್ದು ನಾವಿಕನ ಉಡುಪು ಧರಿಸಿ, ಎರವಲು ಪಡೆದ ನಾವಿಕನ ಗುರುತುಪತ್ರ ಹಿಡಿದು. ಅರ್ಧ ಶತಮಾನ ಕಳೆದ ಮೇಲೆ, ಆತ ಜಗತ್ಪ್ರಸಿದ್ಧನಾದ ಬಳಿಕ, ಅನಾಪೊಲಿಸ್ ಸಮೀಪದ ಬೇ ರಿಜ್ ಎಂಬ ವಿಹಾರತಾಣದಲ್ಲಿ ಆತನ ಮಗ ಚಾರ್ಲ್ಸ್ ದಂಪತಿಗೆ ಬಣ್ಣದ ಕಾರಣದಿಂದ ಊಟ ಕೊಡಲಿಲ್ಲ. ಚಾರ್ಲ್ಸ್ ಪಕ್ಕದಲ್ಲೇ ಜಮೀನು ಕೊಂಡು 1893ರಲ್ಲಿ ಹೈಲ್ಯಾಂಡ್ ಬೀಚ್ ಎಂಬ ವಸತಿಯನ್ನು ಸ್ಥಾಪಿಸಿದ. ತಂದೆಗಾಗಿ ಅಲ್ಲಿ ಮನೆ ಕಟ್ಟಿಸಿದ. ಮಾಳಿಗೆಯಿಂದ ನೋಡಿದರೆ ಕೊಲ್ಲಿಯ ಆಚೆ ದಡ, ಗುಲಾಮನಾಗಿ ಹುಟ್ಟಿದ ನೆಲ, ಕಾಣಬೇಕೆಂಬುದು ಯೋಜನೆ. ಮನೆ ಮುಗಿಯುವ ಮುನ್ನವೇ, 1895ರ ಫೆಬ್ರುವರಿಯಲ್ಲಿ, ಹಿರಿಯ ಡಗ್ಲಾಸ್ ತೀರಿಕೊಂಡ.

ದಡದ ಕಥೆ ಅಲ್ಲಿಗೂ ಮುಗಿಯಲಿಲ್ಲ. ಧಕ್ಕೆಯಿಂದ ಕೆಲವೇ ಕಿಲೊಮೀಟರ್ ದೂರದಲ್ಲಿ ಕಾರ್ಸ್ ಬೀಚ್, ಸ್ಪ್ಯಾರೋಸ್ ಬೀಚ್ ಎಂಬ ಎರಡು ಕಡಲತಡಿಗಳಿದ್ದವು. ಬಿಳಿಯರ ತಾಣಗಳಲ್ಲಿ ಪ್ರವೇಶವಿಲ್ಲದ ಕಪ್ಪು ಜನರಿಗೆ ಇವನ್ನು ನಡೆಸುತ್ತಿದ್ದವರು ಕಾರ್ ಎಂಬ ಕಪ್ಪು ರೈತನ ಇಬ್ಬರು ಹೆಣ್ಣುಮಕ್ಕಳು. ರೇ ಚಾರ್ಲ್ಸ್, ಚಕ್ ಬೆರಿ, ಜೇಮ್ಸ್ ಬ್ರೌನ್ ಇಲ್ಲಿ ಹಾಡಿದ್ದಾರೆ; ಭಾನುವಾರಗಳಲ್ಲಿ ಬಾಲ್ಟಿಮೋರ್, ವಾಷಿಂಗ್ಟನ್‌ಗಳಿಂದ ಬಸ್ಸು ತುಂಬಿ ಜನ ಬರುತ್ತಿದ್ದರು. ಪ್ರತ್ಯೇಕತೆಯ ಕಾನೂನು ಹೋದ ಮೇಲೆ, 1970ರ ದಶಕದಲ್ಲಿ, ತಾಣ ಮುಚ್ಚಿತು. ನೆಲದ ಹೆಚ್ಚಿನ ಭಾಗ ದುಬಾರಿ ವಸತಿ ಸಮುಚ್ಚಯಗಳ ಪಾಲಾಯಿತು. ದೋಣಿ ಜಾತ್ರೆ ಊರಿಗೆ ಕೀರ್ತಿ ತಂದ ದಶಕವೂ ಅದೇ. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವಂತಿಲ್ಲ. ಆದರೆ ನೀರಂಚಿನ ನೆಲಕ್ಕೆ ಬೆಲೆ ಏರಿದಾಗ ಮೊದಲು ಯಾರು ಏಳಬೇಕಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಉಳಿದಿದ್ದ ಐದೇ ಎಕರೆಯನ್ನು ನಗರಾಡಳಿತ 2022ರಲ್ಲಿ ಸಾರ್ವಜನಿಕ ಉದ್ಯಾನಕ್ಕಾಗಿ ಪಡೆದುಕೊಂಡಿತು.

ಜಾತ್ರೆ ನಡೆಯುವ ಧಕ್ಕೆಯೂ ಹಿಂದೆ ಜಾತ್ರೆಯ ಜಾಗವಾಗಿರಲಿಲ್ಲ. ಅದು ದುಡಿಮೆಯ ಕಟ್ಟೆ. ಆಯ್‌ಸ್ಟರ್ ಎನ್ನುವ ಸಿಂಪಿ ಈ ಕೊಲ್ಲಿಯ ಚಿನ್ನವಾಗಿತ್ತು. 1880ರ ದಶಕದ ಉಚ್ಛ್ರಾಯದಲ್ಲಿ ಮೇರಿಲ್ಯಾಂಡ್ ಒಂದರಲ್ಲೇ ವರ್ಷಕ್ಕೆ ಒಂದೂವರೆ ಕೋಟಿ ಬುಶೆಲ್‌ನಷ್ಟು ಸಿಂಪಿ ಎತ್ತುತ್ತಿದ್ದರು. ತಳವನ್ನೇ ಬರಿದು ಮಾಡಿಬಿಡುವರೆಂಬ ಅಂಜಿಕೆಯಿಂದ 1865ರಲ್ಲೇ ಒಂದು ವಿಚಿತ್ರ ಕಾನೂನು ಬಂದಿತ್ತು: ತಳ ಬಾಚುವ ಹಲ್ಲುಬಲೆಯನ್ನು ಎಳೆಯಬೇಕಾದರೆ ಹಾಯಿಯ ಬಲದಿಂದಲೇ ಎಳೆಯಬೇಕು, ಉಗಿಯಂತ್ರ ಕೂಡದು. ಈ ನಿರ್ಬಂಧದ ಫಲವಾಗಿ ‘ಸ್ಕಿಪ್‌ಜ್ಯಾಕ್’ ಎಂಬ ಸರಳ ಮರದ ಹಾಯಿದೋಣಿ ಹುಟ್ಟಿ, ಜಗತ್ತೆಲ್ಲ ಎಂಜಿನ್ನಿಗೆ ಬದಲಾದ ಮೇಲೂ ಇಲ್ಲಿ ದುಡಿಯುತ್ತಲೇ ಇತ್ತು. 1967ರಲ್ಲಿ ವಾರಕ್ಕೆ ಎರಡು ದಿನ ಎಂಜಿನ್ ಬಳಸಬಹುದೆಂಬ ಸಡಿಲಿಕೆ ಬಂದಾಗ ಉಳಿದ ದಿನಗಳಲ್ಲಿ ಹಾಯಿ ಬಿಚ್ಚುವವರು ಕಡಿಮೆಯಾದರು. ಅತಿಯಾದ ಬಾಚುವಿಕೆ, ಮಲಿನ ನೀರು, ಮೇಲಾಗಿ 20ನೇ ಶತಮಾನದ ಎರಡು ರೋಗಗಳು ಸೇರಿ ಸಿಂಪಿಯ ಸಂಖ್ಯೆ ಹಳೆಯ ಪ್ರಮಾಣದ ಶೇ 1ರ ಆಸುಪಾಸಿಗೆ ಇಳಿಯಿತೆಂಬುದು ಅಂದಾಜು. ಬೆಳೆದ ಒಂದು ಸಿಂಪಿ ದಿನಕ್ಕೆ ನೂರೈವತ್ತು ಲೀಟರಿಗೂ ಹೆಚ್ಚು ನೀರನ್ನು ಸೋಸಬಲ್ಲದು. ಹಿಂದೆ ಇಡೀ ಕೊಲ್ಲಿಯನ್ನು ಕೆಲವೇ ದಿನಗಳಲ್ಲಿ ಸೋಸುತ್ತಿದ್ದ ಸಿಂಪಿಸಂಕುಲಕ್ಕೆ ಈಗ ಅದೇ ಕೆಲಸಕ್ಕೆ ವರ್ಷದಷ್ಟು ಕಾಲ ಬೇಕೆನ್ನುತ್ತಾರೆ.

ಸಿಂಪಿ ಹೋದ ಮೇಲೆ ಧಕ್ಕೆ ಖಾಲಿಯಾಯಿತು. ಖಾಲಿಯಾದಲ್ಲಿಗೆ ವಿಹಾರದೋಣಿ ಬಂತು. ದೋಣಿಯ ವೈಭವ ಮೆರೆಸಲು ಜನ ಸುತ್ತು ಹೊಡೆಯುವ ಆ ಕಿರುಗಾಲುವೆಗೆ ಊರವರೇ ‘ಈಗೊ ಆ್ಯಲಿ’ ಎಂದು ಹೆಸರಿಟ್ಟಿದ್ದಾರೆ, ಅಂದರೆ ಜಂಬದ ಗಲ್ಲಿ. ತಮ್ಮನ್ನು ತಾವೇ ನಕ್ಕುಕೊಳ್ಳಬಲ್ಲ ಊರು. ಎದುರು ದಂಡೆಯ ಈಸ್ಟ್‌ಪೋರ್ಟ್‌ನಲ್ಲಿ ಸಿಂಪಿ ಸುಲಿಯುತ್ತಿದ್ದ ಮೆಕ್‌ನ್ಯಾಸ್‌ಬಿ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. 1980ರ ದಶಕದಲ್ಲಿ ದೋಣಿ ದುರಸ್ತಿಯ ಅಂಗಳಗಳೂ ವಸತಿ ಸಮುಚ್ಚಯಗಳಾಗತೊಡಗಿದಾಗ ನಗರಾಡಳಿತ ಎಚ್ಚೆತ್ತು 1987ರಲ್ಲಿ ಒಂದು ನಿಯಮ ತಂದಿತು: ನೀರಂಚಿನ ಗೊತ್ತುಪಡಿಸಿದ ನೆಲ ಕಡಲ ಕಸುಬುಗಳಿಗೇ ಮೀಸಲು. ಅದನ್ನು ಸಡಿಲಿಸಬೇಕೆಂಬ ಮಾತು ಮತ್ತೆ ಮತ್ತೆ ಏಳುತ್ತದೆ. ನನ್ನ ಮಟ್ಟಿಗೆ ಇಡೀ ಪ್ರದರ್ಶನದ ಬೆನ್ನೆಲುಬು ಆ ನಿಯಮವೇ. ಹಾಯಿ ಹೊಲಿಯುವವನಿಗೆ, ಎಂಜಿನ್ ಬಿಚ್ಚುವವನಿಗೆ ದಡದಲ್ಲಿ ಜಾಗವಿಲ್ಲದ ಊರಿನಲ್ಲಿ ದೋಣಿಗಳ ಮೇಳ ಬರೀ ಅಂಗಡಿಯಾಗುತ್ತದೆ. ಮೀನುಗಾರರ ಬಲೆ ಒಣಗುವ ಮರಳಿನ ಮೇಲೆ ವಿಹಾರಧಾಮಗಳ ಕುರ್ಚಿಗಳು ಸಾಲುಗಟ್ಟುತ್ತಿರುವ ನಮ್ಮ ಕರಾವಳಿಯಲ್ಲಿ ಇಂಥದೊಂದು ನಿಯಮದ ಕುರಿತು ಯೋಚಿಸಲು ಇನ್ನೂ ಕಾಲ ಮೀರಿಲ್ಲ. ನಮ್ಮ ನಾಡದೋಣಿಗಳೂ ಈಗ ಮರದವಲ್ಲ, ಫೈಬರಿನವೇ.

ಪ್ರದರ್ಶನದಲ್ಲಿ ಕಾಣದ ಒಂದು ಸಂಗತಿಯೆಂದರೆ ಮುದಿ ದೋಣಿ. ಮರದ ದೋಣಿ ಕೊಳೆತು ಮಣ್ಣಾಗುತ್ತದೆ. ಫೈಬರ್‌ಗ್ಲಾಸಿಗೆ ಸಾವಿಲ್ಲ. ಅರುವತ್ತು, ಎಪ್ಪತ್ತರ ದಶಕದ ಒಡಲುಗಳು ಹಿತ್ತಿಲುಗಳಲ್ಲಿ, ಹೊಳೆಬಾಯಿಗಳ ಕೆಸರಿನಲ್ಲಿ ಅನಾಥವಾಗಿ ಬಿದ್ದಿವೆ. ಫ್ರಾನ್ಸಿನಲ್ಲಿ 2019ರಿಂದ ತಯಾರಕರ ಹಣದಿಂದಲೇ ಹಳೆಯ ದೋಣಿಗಳನ್ನು ಬಿಚ್ಚಿಹಾಕುವ ವ್ಯವಸ್ಥೆಯಿದೆ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ, ಟ್ರೈಟನ್ ಹುಟ್ಟಿದ ರಾಜ್ಯದಲ್ಲೇ, ಒಡಲನ್ನು ಪುಡಿಮಾಡಿ ಸಿಮೆಂಟ್ ಗೂಡಿಗೆ ಹಾಕುವ ಪ್ರಯೋಗ ನಡೆಯಿತು. ಹೊಸ ದೋಣಿಯ ಬೆಲೆಯಲ್ಲೇ ಅದರ ಅಂತ್ಯಕ್ರಿಯೆಯ ವೆಚ್ಚವನ್ನೂ ಸೇರಿಸುವ ಫ್ರೆಂಚರ ಕ್ರಮ ನ್ಯಾಯವಾದದ್ದು.

ಇನ್ನು ದಡವೇ ಉಳಿದೀತೇ ಎಂಬ ಪ್ರಶ್ನೆ. ಅನಾಪೊಲಿಸ್‌ನ ಬೀದಿಗೆ ನೀರು ಬರಲು ಚಂಡಮಾರುತವೇ ಬೇಕಿಲ್ಲ. ಉಬ್ಬರದ ನೀರು ಚರಂಡಿಯ ಕೊಳವೆಯಲ್ಲಿ ಹಿಂದಕ್ಕೆ ನುಗ್ಗಿ, ಬಿಸಿಲು ಕಾಯುತ್ತಿರುವ ಬೀದಿಯ ನಡುವಿನ ಜಾಲರಿಯಿಂದ ಮೇಲೇಳುತ್ತದೆ. 1957ರಿಂದ 1963ರ ಅವಧಿಯಲ್ಲಿ ಹೀಗಾಗುತ್ತಿದ್ದುದು ವರ್ಷಕ್ಕೆ ಸರಾಸರಿ ನಾಲ್ಕು ದಿನ. 2007ರಿಂದ 2013ರ ಅವಧಿಗೆ ಅದು ಸುಮಾರು 39 ದಿನಗಳಿಗೆ ಏರಿತೆಂದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ 2014ರಲ್ಲಿ ವರದಿ ಮಾಡಿತು. ಕಡಲು ಏರುತ್ತಿದೆ, ನೆಲವೂ ಕುಸಿಯುತ್ತಿದೆ. 2003ರ ಸೆಪ್ಟೆಂಬರ್‌ನ ಇಸಾಬೆಲ್ ಚಂಡಮಾರುತದಲ್ಲಿ ಧಕ್ಕೆಯ ಸುತ್ತಲಿನ ಅಂಗಡಿಗಳು ಮುಳುಗಿದ್ದವು. 2024ರ ಜನವರಿಯಲ್ಲಿ ಮತ್ತೆ ನೀರು ನುಗ್ಗಿತು. ನೆಲವನ್ನು ಎತ್ತರಿಸಿ, ತಡೆಗೋಡೆ ಕಟ್ಟಿ, ಪಂಪು ಕೂರಿಸಿ, ವಾಹನ ನಿಲುಗಡೆಯ ಜಾಗವನ್ನು ಉದ್ಯಾನವಾಗಿಸುವ ಯೋಜನೆ ಸಿದ್ಧವಾಗಿದೆ. ಧಕ್ಕೆಯ ಸಮೀಪದ ಒಂದು ರಸ್ತೆಯ ಹೆಸರೇ ಕಾಂಪ್ರಮೈಸ್ ಸ್ಟ್ರೀಟ್, ರಾಜಿ ಬೀದಿ. ಮೊದಲು ಮುಳುಗುವ ಬೀದಿಗಳಲ್ಲಿ ಅದೂ ಒಂದು.

ಈ ಜಾತ್ರೆಯಲ್ಲಿ ಅತ್ಯಂತ ಸೊಗಸಾದ ದೃಶ್ಯ ಟಿಕೆಟ್ಟಿಲ್ಲದೆ ಸಿಗುತ್ತದೆ. ಕೊನೆಯ ದಿನ ಸಂಜೆ ಪ್ರದರ್ಶನ ಮುಗಿಯುತ್ತಿದ್ದಂತೆ ಕಟ್ಟಿದ ಹಗ್ಗಗಳನ್ನು ಬಿಚ್ಚಲಾರಂಭಿಸುತ್ತಾರೆ. ಒಂದಕ್ಕೊಂದು ಒತ್ತಿಕೊಂಡು ನಿಂತ ನೂರಾರು ದೋಣಿಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೆಲ್ಲ ಮುಂಚೆಯೇ ನಿಗದಿಯಾಗಿರುತ್ತದೆ. ಕ್ಯಾಟಮರಾನ್ ಒಂದು ನಿಂತಲ್ಲೇ ತಿರುಗಿ ಎರಡು ಕಂಬಗಳ ನಡುವಿನಿಂದ ನುಸುಳಿದಾಗ ದಡದಲ್ಲಿ ಕಿಕ್ಕಿರಿದ ಜನ ಚಪ್ಪಾಳೆ ತಟ್ಟುತ್ತಾರೆ. ಯಾವುದಾದರೂ ಒಂದು ಇನ್ನೊಂದಕ್ಕೆ ತಗುಲೀತೇ ಎಂಬ ಸಣ್ಣ ಆಸೆಯೂ ಆ ಚಪ್ಪಾಳೆಯಲ್ಲಿ ಇಲ್ಲದಿಲ್ಲ. ಕೆಲವೇ ಗಂಟೆಗಳಲ್ಲಿ ಬಂದರು ಬರಿದಾಗುತ್ತದೆ. ಕೆಲವು ದೋಣಿಗಳು ಪಕ್ಕದ ಹೊಳೆಬಾಯಿಯ ತಮ್ಮ ನಿಲುಗಡೆಗೆ ಮರಳುತ್ತವೆ. ಇನ್ನು ಕೆಲವು ಕೊಲ್ಲಿಯುದ್ದಕ್ಕೂ ತೆಂಕಣಕ್ಕೆ ಸಾಗಿ, ಚಂಡಮಾರುತದ ಋತು ಮುಗಿಯುವುದನ್ನು ಕಾದು, ಕೆರಿಬಿಯನ್ ದ್ವೀಪಗಳ ಕಡೆ ಹೊರಡುತ್ತವೆ. ಮರುದಿನದಿಂದ ಕೆಲಸಗಾರರು ತೇಲುಹಾದಿಗಳನ್ನು ಒಂದೊಂದಾಗಿ ಕಳಚಿ ಎಳೆದೊಯ್ಯುತ್ತಾರೆ. ಆಮೇಲೆ ಅಲ್ಲಿ ಉಳಿಯುವುದು ನೀರು, ಬಾತುಕೋಳಿಗಳು, ಬಂದರಿನ ತಲೆಯಲ್ಲಿ ಪುಸ್ತಕ ತೆರೆದು ಕೂತ ಹೇಲಿ.